ವಿದ್ಯುತ್ತಿಗೆ ನಾದ ಕಲಿಸಿದ ರಾಬರ್ಟ್ ಮೋಗ್

ಹಾಡುವ ಕಂಠವಿಲ್ಲ, ತಂತಿವಾದ್ಯವಿಲ್ಲ, ಚರ್ಮವಾದ್ಯವೂ ಇಲ್ಲ. 2012ರ ಮಾರ್ಚ್ ತಿಂಗಳಿನಲ್ಲಿ ಬ್ರಿಟನ್ನಿನ ಮ್ಯೂಟ್ ಸಂಸ್ಥೆ ಹೊರತಂದ ಆಲ್ಬಂ ಒಂದರಲ್ಲಿ ಇದ್ದುದು ಸಿಂಥಸೈಜರ್‌ಗಳ ನಾದ ಮತ್ತು ಯಂತ್ರದ ತಾಳ ಮಾತ್ರ. ಟೆಕ್ನೋ ಶೈಲಿಯ ಆ ಹತ್ತು ವಾದ್ಯಕೃತಿಗಳನ್ನು ರಚಿಸಿದವರು ಹೊಸಬರಲ್ಲ. ಡಿಪೆಷ್ ಮೋಡ್ ತಂಡದ ಸ್ಥಾಪಕ ಸದಸ್ಯರಾದ ವಿನ್ಸ್ ಕ್ಲಾರ್ಕ್ ಮತ್ತು ಮಾರ್ಟಿನ್ ಗೋರ್, 1981ರಲ್ಲಿ ಬೇರ್ಪಟ್ಟ ಮೂರು ದಶಕಗಳ ತರುವಾಯ, ವಿಸಿಎಂಜಿ ಎಂಬ ಹೆಸರಿನಲ್ಲಿ ಮತ್ತೆ ಒಂದಾಗಿದ್ದರು. ಆಲ್ಬಂಗೆ ಇಂಗ್ಲಿಷಿನ ‘ಎಸ್’ ಅಕ್ಷರವನ್ನು ನಾಲ್ಕು ಬಾರಿ ಬರೆದು ಹೆಸರಿಡಲಾಗಿತ್ತು. ಸಿಂಥ್-ಪಾಪ್ ಹಾಡುಗಳಿಂದ ಜಗತ್ಪ್ರಸಿದ್ಧರಾದ ಈ ಹಿರಿಯರು ಹಾಡನ್ನೇ ಬದಿಗಿಟ್ಟು, ತಮ್ಮ ಯಂತ್ರಗಳನ್ನಷ್ಟೇ ಮಾತನಾಡಲು ಬಿಟ್ಟಿದ್ದರು.

ಹೀಗೆ ಒಂದು ಯಂತ್ರ ತನ್ನಷ್ಟಕ್ಕೆ ಪೂರ್ಣ ವಾದ್ಯವೆನಿಸಿಕೊಳ್ಳಬಲ್ಲದು ಎಂಬ ಮಾತನ್ನು 1960ರ ದಶಕದ ಆರಂಭದಲ್ಲಿ ಯಾರಾದರೂ ಆಡಿದ್ದರೆ ಸಂಗೀತಗಾರರು ನಕ್ಕುಬಿಡುತ್ತಿದ್ದರು. ಆ ಮಾತನ್ನು ನಿಜವಾಗಿಸಿದ ಕೆಲವೇ ಮಂದಿಯಲ್ಲಿ ಅಗ್ರಗಣ್ಯರು ಅಮೆರಿಕದ ಎಂಜಿನಿಯರ್ ರಾಬರ್ಟ್ ಮೋಗ್. 2005ರಲ್ಲಿ ನಿಧನರಾದ ಅವರ ಹೆಸರು ಇಂದಿಗೂ ಸ್ಟುಡಿಯೋಗಳಲ್ಲಿ ವ್ಯಕ್ತಿಯ ಹೆಸರಾಗಿ ಅಲ್ಲ, ವಾದ್ಯದ ಹೆಸರಾಗಿ ಬಳಕೆಯಲ್ಲಿದೆ. ಆದರೆ ಅದೇ ಹೆಸರನ್ನು ತಾವು ತಯಾರಿಸಿದ ವಾದ್ಯದ ಮೇಲೆ ಬರೆಯುವ ಹಕ್ಕು ಸುಮಾರು ಕಾಲು ಶತಮಾನದ ಕಾಲ ಅವರಿಗೆ ಇರಲಿಲ್ಲ ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ.

ಮೊದಲು ಹೆಸರಿನ ಉಚ್ಚಾರದ ಬಗ್ಗೆ ಒಂದು ಮಾತು. ಇಂಗ್ಲಿಷ್ ಕಾಗುಣಿತ ನೋಡಿ ಬಹುತೇಕರು ‘ಮೂಗ್’ ಎಂದು ಓದುತ್ತಾರೆ. ಜರ್ಮನ್ ಮೂಲದ ಆ ಮನೆತನದವರು ತಮ್ಮನ್ನು ಕರೆದುಕೊಳ್ಳುತ್ತಿದ್ದುದು ‘ಮೋಗ್’ ಎಂದೇ. ಜಗತ್ತಿನ ಕಿವಿ ತುಂಬಿದ ವಾದ್ಯಕ್ಕೆ ‘ಮೂಗ’ ಎಂಬ ಅರ್ಥ ಬರುವಂತೆ ಕನ್ನಡದಲ್ಲಿ ಓದುವುದಂತೂ ಸರಿಯಲ್ಲ.

ತಂದೆಯ ಕಾರ್ಯಾಗಾರ, ತಾಯಿಯ ಪಿಯಾನೊ

ರಾಬರ್ಟ್ ಆರ್ಥರ್ ಮೋಗ್ ಜನಿಸಿದ್ದು 1934ರ ಮೇ 23ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಅದೇ ನಗರದ ಕ್ವೀನ್ಸ್ ಪ್ರದೇಶದ ಫ್ಲಶಿಂಗ್‌ನಲ್ಲಿ. ತಂದೆ ಜಾರ್ಜ್ ಮೋಗ್ ವಿದ್ಯುತ್ ಸರಬರಾಜು ಸಂಸ್ಥೆಯೊಂದರಲ್ಲಿ ಎಂಜಿನಿಯರ್. ಮಗ ಪಿಯಾನೊ ವಾದಕನಾಗಬೇಕೆಂಬುದು ತಾಯಿಯ ಹಂಬಲ. ಆಕೆಯ ಒತ್ತಾಯಕ್ಕೆ ಬಾಲಕ ವರ್ಷಗಟ್ಟಲೆ ಪಿಯಾನೊ ಕಲಿತ. ಆದರೆ ಅವನ ಮನಸ್ಸು ನೆಲೆಸಿದ್ದು ನೆಲಮಾಳಿಗೆಯ ಕಾರ್ಯಾಗಾರದಲ್ಲಿ, ತಂದೆಯ ಬೆಸುಗೆ ಕಡ್ಡಿ ಮತ್ತು ರೇಡಿಯೊ ಬಿಡಿಭಾಗಗಳ ನಡುವೆ. ತಾಯಿಯ ಸಂಗೀತ, ತಂದೆಯ ವಿದ್ಯುತ್ ಜ್ಞಾನ, ಇವೆರಡೂ ಮುಂದೆ ಒಂದೇ ಪೆಟ್ಟಿಗೆಯೊಳಗೆ ಸೇರಲಿದ್ದವು.

ಆ ಸೇರುವಿಕೆಗೆ ದಾರಿಯಾದದ್ದು ‘ಥೆರೆಮಿನ್’ ಎಂಬ ವಿಚಿತ್ರ ವಾದ್ಯ. ರಷ್ಯಾದ ವಿಜ್ಞಾನಿ ಲಿಯೋನ್ ಥೆರೆಮಿನ್ ರೂಪಿಸಿದ ಈ ವಾದ್ಯವನ್ನು ಮುಟ್ಟದೆಯೇ ನುಡಿಸಬೇಕು. ಎರಡು ಆಂಟೆನಾಗಳ ಬಳಿ ಕೈಗಳನ್ನು ಆಡಿಸಿದರೆ ಒಂದು ಕೈಯ ಚಲನೆಗೆ ಶ್ರುತಿ ಏರಿಳಿಯುತ್ತದೆ, ಇನ್ನೊಂದು ಕೈಗೆ ನಾದದ ಗಾತ್ರ ಹೆಚ್ಚು ಕಡಿಮೆಯಾಗುತ್ತದೆ. ನಿಯತಕಾಲಿಕೆಯೊಂದರಲ್ಲಿ ಪ್ರಕಟವಾಗಿದ್ದ ನಕ್ಷೆಯನ್ನು ಇಟ್ಟುಕೊಂಡು ಮೋಗ್ 14ನೇ ವಯಸ್ಸಿನಲ್ಲಿ ತಮ್ಮ ಮೊದಲ ಥೆರೆಮಿನ್ ಜೋಡಿಸಿದರು. ಬ್ರಾಂಕ್ಸ್ ವಿಜ್ಞಾನ ಪ್ರೌಢಶಾಲೆಯ ವ್ಯಾಸಂಗ 1952ರಲ್ಲಿ ಮುಗಿಯಿತು. ಕಾಲೇಜಿನ ದಿನಗಳಲ್ಲಿ, ಇನ್ನೂ ಇಪ್ಪತ್ತು ತುಂಬುವ ಮುನ್ನವೇ, ತಂದೆಯ ಜೊತೆಗೂಡಿ ಆರ್.ಎ. ಮೋಗ್ ಕಂಪನಿ ಆರಂಭಿಸಿ ಅಂಚೆಯ ಮೂಲಕ ಥೆರೆಮಿನ್ ಮಾರತೊಡಗಿದರು.

ಕ್ವೀನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್, ಬಳಿಕ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಭೌತಶಾಸ್ತ್ರದ ಸಂಶೋಧನೆ. 1957ರಲ್ಲಿ ಕಾರ್ನೆಲ್ ಸೇರಿದವರಿಗೆ ಡಾಕ್ಟರೇಟ್ ದೊರೆತದ್ದು 1965ರಲ್ಲಿ. ಇಷ್ಟು ದೀರ್ಘ ಕಾಲ ಹಿಡಿಯಲು ಥೆರೆಮಿನ್ ಕೂಡ ಒಂದು ಕಾರಣ. 1961ರ ಜನವರಿಯಲ್ಲಿ ‘ಎಲೆಕ್ಟ್ರಾನಿಕ್ಸ್ ವರ್ಲ್ಡ್’ ಪತ್ರಿಕೆಯಲ್ಲಿ ಅವರ ಟ್ರಾನ್ಸಿಸ್ಟರ್ ಥೆರೆಮಿನ್ ಕುರಿತ ಲೇಖನ ಪ್ರಕಟವಾಯಿತು. ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಬಿಡಿಭಾಗಗಳ ಪೆಟ್ಟಿಗೆಗೆ ಬೆಲೆ 49 ಡಾಲರ್ 95 ಸೆಂಟ್. ಸುಮಾರು ಸಾವಿರ ಪೆಟ್ಟಿಗೆಗಳು ಮಾರಾಟವಾದವು. ವಿದ್ಯಾರ್ಥಿಯಾಗಿದ್ದ, ಸಂಸಾರಸ್ಥನೂ ಆಗಿದ್ದ ಯುವಕನಿಗೆ ಅದು ಸಣ್ಣ ಸಂಪಾದನೆಯಾಗಿರಲಿಲ್ಲ. 1963ರಲ್ಲಿ ಕಾರ್ನೆಲ್‌ಗೆ ಸಮೀಪದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಅಂಗಡಿ ಮಳಿಗೆಯೊಂದನ್ನು ಹಿಡಿದು ಕಾರ್ಖಾನೆ ತೆರೆದರು.

ಸಂಗೀತ ಶಿಕ್ಷಕನ ಭೇಟಿ

1963ರ ಕೊನೆಯಲ್ಲಿ ರಾಚೆಸ್ಟರ್ ನಗರದಲ್ಲಿ ನ್ಯೂಯಾರ್ಕ್ ರಾಜ್ಯದ ಶಾಲಾ ಸಂಗೀತ ಶಿಕ್ಷಕರ ಸಮ್ಮೇಳನ ನಡೆಯಿತು. ಥೆರೆಮಿನ್ ಪ್ರದರ್ಶನಕ್ಕೆಂದು ಬಂದಿದ್ದ ಮೋಗ್ ಅವರನ್ನು ಹೋಫ್‌ಸ್ಟ್ರಾ ವಿಶ್ವವಿದ್ಯಾಲಯದ ಸಂಗೀತ ಅಧ್ಯಾಪಕ ಹರ್ಬರ್ಟ್ ಡಾಯ್ಚ್ ಭೇಟಿಯಾದರು. ಡಾಯ್ಚ್ ಅವರ ಅಳಲು ಆ ಕಾಲದ ವಿದ್ಯುನ್ಮಾನ ಸಂಗೀತ ರಚನಕಾರರೆಲ್ಲರ ಅಳಲೇ ಆಗಿತ್ತು.

ಆಗ ವಿದ್ಯುನ್ಮಾನ ಸಂಗೀತವೆಂದರೆ ಪ್ರಯೋಗಶಾಲೆಯ ವಿಷಯ. ಪರೀಕ್ಷಾ ಉಪಕರಣಗಳಿಂದ ಒಂದೊಂದೇ ಧ್ವನಿ ಹೊರಡಿಸಿ, ಟೇಪಿನಲ್ಲಿ ಮುದ್ರಿಸಿ, ಆ ಟೇಪನ್ನು ಬ್ಲೇಡಿನಿಂದ ತುಂಡು ತುಂಡಾಗಿ ಕತ್ತರಿಸಿ ಅಂಟಿಸಬೇಕು. ಕೆಲವೇ ನಿಮಿಷಗಳ ಸಂಗೀತಕ್ಕೆ ವಾರಗಟ್ಟಲೆ ದುಡಿಮೆ. ಆರ್‌ಸಿಎ ಕಂಪನಿ ನಿರ್ಮಿಸಿದ ದೈತ್ಯ ಸಿಂಥಸೈಜರ್ ನ್ಯೂಯಾರ್ಕಿನಲ್ಲಿ ಇತ್ತಾದರೂ ಅದು ಕೋಣೆಯ ಗೋಡೆಯನ್ನೇ ಆವರಿಸುವಷ್ಟು ದೊಡ್ಡದು. ಕಾಗದದ ಸುರುಳಿಯಲ್ಲಿ ರಂಧ್ರ ಕೊರೆದು ಅದಕ್ಕೆ ಆಜ್ಞೆ ಕೊಡಬೇಕಿತ್ತು. ವಿಶ್ವವಿದ್ಯಾಲಯದ ಬಾಗಿಲು ದಾಟಲಾಗದ ಸಾಮಾನ್ಯ ಸಂಗೀತಗಾರನಿಗೆ ಅದು ಗಗನಕುಸುಮ.

1964ರ ಬೇಸಿಗೆಯಲ್ಲಿ ಡಾಯ್ಚ್ ಟ್ರುಮನ್ಸ್‌ಬರ್ಗ್‌ಗೆ ಬಂದು ನೆಲೆಸಿದರು. ಒಬ್ಬರು ಬೇಕಾದುದನ್ನು ಕೇಳುವುದು, ಇನ್ನೊಬ್ಬರು ಅದನ್ನು ಬೆಸುಗೆ ಹಾಕಿ ತೋರಿಸುವುದು, ಹೀಗೆ ಕೆಲಸ ಸಾಗಿತು. ಸ್ವರ ಯಾವಾಗ ಆರಂಭವಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಹೇಳಲು ಒಂದು ಗುಂಡಿ ಬೇಕಾದಾಗ ಮೋಗ್ ತರಿಸಿದ್ದು ಮನೆಬಾಗಿಲ ಕರೆಗಂಟೆಯ ಗುಂಡಿಯನ್ನು! ಪಿಯಾನೊ ಮಾದರಿಯ ಮನೆಗಳಿರಲಿ ಎಂಬ ನಿರ್ಧಾರವೂ ಸಂಗೀತಗಾರನನ್ನು ಕೇಳಿಯೇ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಮೋಗ್ ತಮ್ಮ ಪ್ರಬಂಧವನ್ನೂ ಘಟಕಗಳನ್ನೂ ಮಂಡಿಸಿದರು. ನೃತ್ಯ ಸಂಯೋಜಕ ಆಲ್ವಿನ್ ನಿಕೊಲಾಯ್ಸ್ ಮೊದಲ ಗ್ರಾಹಕರಾದರು.

ಆ ಪೆಟ್ಟಿಗೆ ಕೆಲಸ ಮಾಡುವ ಬಗೆ

ಮೋಗ್ ಅವರ ಸಾಧನೆಯ ತಿರುಳು ‘ವೋಲ್ಟೇಜ್ ನಿಯಂತ್ರಣ’ ಎಂಬ ಎರಡು ಪದಗಳಲ್ಲಿದೆ. ಅಲ್ಲಿಯವರೆಗೆ ಧ್ವನಿಯ ಪ್ರತಿಯೊಂದು ಗುಣವನ್ನೂ ಕೈಯಿಂದ ಗುಬ್ಬಿ ತಿರುಗಿಸಿ ಬದಲಿಸಬೇಕಿತ್ತು. ಕೈಯ ಬದಲು ವಿದ್ಯುತ್ ಒತ್ತಡವೇ ಆ ಗುಬ್ಬಿಯನ್ನು ತಿರುಗಿಸಿದರೆ? ಮನೆಯೊಂದನ್ನು ಒತ್ತಿದಾಗ ಹೊರಡುವ ವೋಲ್ಟೇಜ್ ಒಂದು ವೋಲ್ಟ್ ಹೆಚ್ಚಾದರೆ ಶ್ರುತಿ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ಕೆಳ ಷಡ್ಜದಿಂದ ಮೇಲು ಷಡ್ಜಕ್ಕೆ ಒಂದು ವೋಲ್ಟ್ ಅಂತರ. ಅಗ್ಗವಾಗುತ್ತಿದ್ದ ಸಿಲಿಕಾನ್ ಟ್ರಾನ್ಸಿಸ್ಟರುಗಳ ಸಹಜ ಗುಣವನ್ನೇ ಬಳಸಿಕೊಂಡು ಅವರು ಈ ಲೆಕ್ಕವನ್ನು ಸಾಧಿಸಿದರು.

ಆಸಿಲೇಟರ್ ಎಂಬ ಘಟಕ ಮೂಲ ನಾದವನ್ನು ಹುಟ್ಟಿಸುತ್ತದೆ. ಫಿಲ್ಟರ್ ಆ ನಾದದ ಬಣ್ಣವನ್ನು ನಿರ್ಧರಿಸುತ್ತದೆ. ಒಂದೇ ಶ್ರುತಿಯಲ್ಲಿ ಬಾಯ್ತೆರೆದು ‘ಆ’ ಎಂದು ಹಾಡುತ್ತ ನಿಧಾನವಾಗಿ ತುಟಿ ಕಿರಿದಾಗಿಸಿ ‘ಊ’ ಎಂದರೆ ಸ್ವರ ಅದೇ ಇರುತ್ತದೆ, ಬಣ್ಣ ಮಾತ್ರ ಮಂದವಾಗುತ್ತದೆ. ಫಿಲ್ಟರ್ ಮಾಡುವುದು ಇಂಥದೇ ಕೆಲಸ. ಎನ್ವಲಪ್ ಎಂಬ ಇನ್ನೊಂದು ಘಟಕ ನಾದದ ಹುಟ್ಟು ಸಾವುಗಳ ಲೆಕ್ಕ ನೋಡಿಕೊಳ್ಳುತ್ತದೆ. ವೀಣೆಯ ತಂತಿ ಮೀಟಿದರೆ ನಾದ ಥಟ್ಟನೆ ಹುಟ್ಟಿ ಕ್ರಮೇಣ ಕ್ಷೀಣಿಸುತ್ತದೆ. ಕೊಳಲಿನಲ್ಲಾದರೆ ಮೆಲ್ಲನೆ ಹುಟ್ಟಿ ಉಸಿರಿರುವ ತನಕ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಗುಬ್ಬಿಗಳಿಂದಲೇ ಹೊಂದಿಸಿಕೊಳ್ಳಬಹುದು. ಎನ್ವಲಪ್‌ಗೆ ನಾಲ್ಕು ಹಂತಗಳಿರಬೇಕೆಂದು ಸೂಚಿಸಿದವರು ಕೊಲಂಬಿಯಾದ ಸಂಗೀತ ಪ್ರಾಧ್ಯಾಪಕ ವ್ಲಾದಿಮಿರ್ ಉಸಚೆವ್‌ಸ್ಕಿ. ಇಂದು ಪ್ರಪಂಚದ ಬಹುಪಾಲು ಸಿಂಥಸೈಜರ್‌ಗಳಲ್ಲಿ ಆ ನಾಲ್ಕು ಹಂತಗಳಿವೆ.

ಈ ಘಟಕಗಳನ್ನು ಹಳೆಯ ಟೆಲಿಫೋನ್ ವಿನಿಮಯ ಕೇಂದ್ರದಂತೆ ತಂತಿಗಳಿಂದ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದಿತ್ತು. ಹಾಗಾಗಿ ವಾದ್ಯದ ಸ್ವರೂಪ ನುಡಿಸುವವನ ಕಲ್ಪನೆಗೆ ಬಿಟ್ಟದ್ದು. ಇದೇ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಕೂಡ ಸ್ವತಂತ್ರವಾಗಿ ಇಂಥದೇ ಯಂತ್ರ ರೂಪಿಸುತ್ತಿದ್ದರು. ಪಿಯಾನೊ ಮನೆಗಳು ಹಳೆಯ ಸಂಗೀತದ ಸಂಕೋಲೆ ಎಂದು ಬುಕ್ಲಾ ಅವನ್ನು ದೂರವಿಟ್ಟರು. ಮೋಗ್ ಅವನ್ನು ಉಳಿಸಿಕೊಂಡರು. ಯಾವ ವಾದಕನೂ ಬಂದು ಕೂತು ನುಡಿಸಬಹುದಾದ ಯಂತ್ರವೇ ಜನರ ಬಳಿಗೆ ಹೋಯಿತು.

ತಮ್ಮ ಸಂಶೋಧನೆಗಳಲ್ಲಿ ಟ್ರಾನ್ಸಿಸ್ಟರುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಫಿಲ್ಟರ್‌ಗೆ ಅವರು ಪೇಟೆಂಟ್ ಪಡೆದರು. 1966ರಲ್ಲಿ ಸಲ್ಲಿಸಿದ ಅರ್ಜಿಗೆ 1969ರಲ್ಲಿ ಮನ್ನಣೆ ಸಿಕ್ಕಿತು. ಇಂದಿಗೂ ‘ಮೋಗ್ ನಾದ’ ಎಂದು ಸಂಗೀತಗಾರರು ಹೇಳುವ ತುಂಬು ಮಂದ್ರಕ್ಕೆ ಆ ಫಿಲ್ಟರೇ ಮೂಲ. ಆದರೆ ವೋಲ್ಟೇಜ್ ನಿಯಂತ್ರಣ, ಒಂದು ವೋಲ್ಟಿಗೆ ಒಂದು ಸ್ಥಾಯಿ ಎಂಬ ಅಳತೆ, ಘಟಕಗಳ ಜೋಡಣೆಯ ಒಟ್ಟು ವಿಧಾನ ಎಲ್ಲರ ಸ್ವತ್ತಾಗಿ ಹರಡಿತು. ಇದರಿಂದ ಮೋಗ್ ಅವರಿಗೆ ಲಾಭವಾಗಲಿಲ್ಲ, ಸಂಗೀತಕ್ಕೆ ಆಯಿತು.

ಬಾಖ್ ತಂದ ಕೀರ್ತಿ

ಮೋಗ್ ಯಂತ್ರವನ್ನು ಜಗತ್ತಿಗೆ ಪರಿಚಯಿಸಿದ ಕೀರ್ತಿ ವೆಂಡಿ ಕಾರ್ಲೋಸ್ ಅವರಿಗೆ ಸಲ್ಲಬೇಕು. ಭೌತಶಾಸ್ತ್ರ ಮತ್ತು ಸಂಗೀತ ಎರಡರಲ್ಲೂ ಪರಿಣತಿ ಇದ್ದ ಅವರು ಮೋಗ್ ಅವರ ಗ್ರಾಹಕರಷ್ಟೇ ಅಲ್ಲ, ಕಟು ವಿಮರ್ಶಕರೂ ಆಗಿದ್ದರು. ಬೆರಳಿನ ಒತ್ತಡಕ್ಕೆ ಸ್ಪಂದಿಸುವ ಮನೆಗಳು ಬೇಕೆಂದು ಹಟ ಹಿಡಿದವರು ಅವರೇ. 1968ರಲ್ಲಿ ಬಿಡುಗಡೆಯಾದ ಅವರ ‘ಸ್ವಿಚ್ಡ್-ಆನ್ ಬಾಖ್’ ಆಲ್ಬಂನಲ್ಲಿ 18ನೇ ಶತಮಾನದ ಜರ್ಮನ್ ವಾಗ್ಗೇಯಕಾರ ಬಾಖ್‌ನ ಕೃತಿಗಳು ಸಂಪೂರ್ಣವಾಗಿ ಮೋಗ್ ಯಂತ್ರದಲ್ಲಿ ಮೂಡಿಬಂದವು. ಆ ಯಂತ್ರ ಒಮ್ಮೆಗೆ ಒಂದೇ ಸ್ವರ ನುಡಿಸಬಲ್ಲದಾಗಿತ್ತು. ಹಾಗಾಗಿ ಪ್ರತಿಯೊಂದು ಎಳೆಯನ್ನೂ ಬೇರೆ ಬೇರೆಯಾಗಿ ಮುದ್ರಿಸಿ ಒಂದರ ಮೇಲೊಂದು ಹೊಂದಿಸಬೇಕಾಯಿತು. ಯಾರೂ ನಿರೀಕ್ಷಿಸದಷ್ಟು ಪ್ರತಿಗಳು ಮಾರಾಟವಾದವು, ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಹಾಡಿಲ್ಲದ, ವಿದ್ಯುತ್ತಿನಿಂದಲೇ ಹುಟ್ಟಿದ ವಾದ್ಯಸಂಗೀತವನ್ನು ಸಾಮಾನ್ಯ ಜನ ಹಣ ಕೊಟ್ಟು ಕೊಳ್ಳಬಲ್ಲರು ಎಂಬುದು ಅಂದೇ ಸಾಬೀತಾಯಿತು.

ಅಲ್ಲಿಂದ ಮುಂದೆ ಮೋಗ್ ಎಂಬುದು ಮನೆಮಾತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಒಂದನ್ನು ಕೊಂಡರು. 1969ರ ‘ಆಬಿ ರೋಡ್’ ಆಲ್ಬಂನಲ್ಲಿ ಅದರ ನಾದವಿದೆ. ಅದೇ ವರ್ಷದ ಆಗಸ್ಟ್ 28ರಂದು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಉದ್ಯಾನದಲ್ಲಿ ಮೋಗ್ ವಾದ್ಯಗಳ ಕಛೇರಿ ನಡೆದು ಭಾರೀ ಜನ ಸೇರಿದರು. ಕೀತ್ ಎಮರ್ಸನ್ ಆಳೆತ್ತರದ ಯಂತ್ರವನ್ನು ರಾಕ್ ವೇದಿಕೆಗೇ ಹೊತ್ತೊಯ್ದರು. ವೇದಿಕೆಯ ದೀಪಗಳ ಶಾಖಕ್ಕೆ ಆಸಿಲೇಟರುಗಳ ಶ್ರುತಿ ಜಾರುತ್ತಿತ್ತು. ತಂಬೂರಿಯಂತೆ ಅದಕ್ಕೂ ಮತ್ತೆ ಮತ್ತೆ ಶ್ರುತಿ ಕೂಡಿಸಬೇಕಿತ್ತು. ಯಂತ್ರ ಬಂದರೆ ತಮ್ಮ ಅನ್ನಕ್ಕೆ ಕುತ್ತು ಎಂದು ವಾದ್ಯಗಾರರ ಸಂಘಟನೆಗಳು ಆತಂಕಗೊಂಡದ್ದೂ ಇದೇ ಸಮಯದಲ್ಲಿ.

ಅಹಮದಾಬಾದಿಗೆ ಬಂದ ಮೋಗ್

ಭಾರತಕ್ಕೂ ಈ ಕಥೆಯಲ್ಲಿ ಸ್ಥಾನವಿದೆ. 1969ರಲ್ಲಿ ಅಮೆರಿಕದ ರಚನಕಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಸಿಂಥಸೈಜರ್ ಒಳಗೊಂಡ ಸ್ಟುಡಿಯೋ ಸ್ಥಾಪಿಸಲು ನೆರವಾದರು. ಇದರ ಹಿಂದೆ ಇದ್ದವರಲ್ಲಿ ಗೀತಾ ಸಾರಾಭಾಯಿ ಪ್ರಮುಖರು. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತದ ಪರಿಚಯ ಮಾಡಿಕೊಟ್ಟವರು ಇವರೇ. ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನ್‌ರಾಜ್ ಜೋಷಿಪುರ ಮುಂತಾದವರು ಅಲ್ಲಿ ಪ್ರಯೋಗಗಳನ್ನು ನಡೆಸಿದರು. ಕೆಲವೇ ವರ್ಷಗಳಲ್ಲಿ ಸ್ಟುಡಿಯೋ ಸ್ತಬ್ಧವಾಯಿತು, ಟೇಪುಗಳು ಕಪಾಟು ಸೇರಿದವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಆ ಧ್ವನಿಮುದ್ರಣಗಳು ಆಲ್ಬಂ ರೂಪದಲ್ಲಿ ಹೊರಬಂದವು. ಮುಂಬೈ ಚಿತ್ರರಂಗಕ್ಕೆ ಮೋಗ್ ವಾದ್ಯವನ್ನು ತಂದವರಲ್ಲಿ ಕೆರ್ಸಿ ಲಾರ್ಡ್ ಅವರ ಹೆಸರನ್ನು ಗೌರವದಿಂದ ನೆನೆಯಲಾಗುತ್ತದೆ.

ಕೀರ್ತಿಯ ಉತ್ತುಂಗದಲ್ಲಿ ಕಂಪನಿ ಕೈತಪ್ಪಿತು

ಹೆಸರು ಬಂದಷ್ಟು ಹಣ ಬರಲಿಲ್ಲ. ‘ಸ್ವಿಚ್ಡ್-ಆನ್ ಬಾಖ್’ ಯಶಸ್ಸಿನಿಂದ ಪ್ರೇರಿತರಾಗಿ ಮೋಗ್ ಯಂತ್ರ ಕೊಂಡ ಅನೇಕರಿಗೆ ಅದರಿಂದ ಸಂಗೀತ ಹೊರಡಿಸುವುದು ಸುಲಭವಲ್ಲ ಎಂಬುದು ಅರಿವಾಯಿತು. ಆ ಅಲೆ ಬಂದಷ್ಟೇ ಬೇಗ ಇಳಿಯಿತು. ದುಬಾರಿ ಯಂತ್ರಗಳಿಗೆ ಬೇಡಿಕೆ ಕುಸಿದು, ಸಾಲ ಬೆಳೆಯಿತು. ಮೋಗ್ ಉತ್ತಮ ಎಂಜಿನಿಯರ್, ಆದರೆ ಲೆಕ್ಕಪುಸ್ತಕದ ಮನುಷ್ಯರಲ್ಲ ಎಂಬುದನ್ನು ಅವರೇ ಅನೇಕ ಬಾರಿ ಒಪ್ಪಿಕೊಂಡಿದ್ದರು.

ಈ ಸಂಕಷ್ಟದ ನಡುವೆಯೇ 1970ರಲ್ಲಿ ‘ಮಿನಿಮೋಗ್’ ಹುಟ್ಟಿತು. ಇದರ ಮೊದಲ ಮಾದರಿಯನ್ನು ಜೋಡಿಸಿದವರು ಕಂಪನಿಯ ಎಂಜಿನಿಯರ್ ಬಿಲ್ ಹೆಮ್ಸಾತ್. ತಂತಿಗಳ ಗೋಜಲಿಲ್ಲದೆ, ಎಲ್ಲವನ್ನೂ ಒಳಗೇ ಜೋಡಿಸಿ, ಒಬ್ಬನೇ ಎತ್ತಿಕೊಂಡು ಹೋಗಬಹುದಾದ ವಾದ್ಯ ಅದು. ಎಡಗೈಗೆ ಎರಡು ಚಕ್ರಗಳಿದ್ದವು. ಒಂದನ್ನು ತಿರುಗಿಸಿದರೆ ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತಿತ್ತು. ಪಿಯಾನೊ, ಹಾರ್ಮೋನಿಯಂಗಳಲ್ಲಿ ಅಸಾಧ್ಯವಾದ ಜಾರು ಗಮಕಗಳು ಇದರಿಂದ ಸಾಧ್ಯವಾದವು. ಇಂದು ನಮ್ಮ ಊರುಗಳ ರಸಮಂಜರಿ ವೇದಿಕೆಗಳಲ್ಲಿ ಕೀಬೋರ್ಡ್ ಕಲಾವಿದರು ಎಡಗೈಯಿಂದ ತಿರುಗಿಸಿ ಕೊಳಲಿನ, ಶಹನಾಯಿಯ ಗಮಕ ತರುವ ಚಕ್ರದ ಮೂಲ ಇರುವುದು ಮಿನಿಮೋಗ್‌ನಲ್ಲಿ. 1981ರವರೆಗೆ ಸುಮಾರು 12 ಸಾವಿರ ಮಿನಿಮೋಗ್‌ಗಳು ತಯಾರಾದವು.

ಆದರೆ ಆ ಯಶಸ್ಸನ್ನು ಅನುಭವಿಸುವ ಮಾಲೀಕತ್ವ ಮೋಗ್ ಕೈಯಲ್ಲಿ ಉಳಿಯಲಿಲ್ಲ. 1971ರಲ್ಲಿ ಕಂಪನಿ ಬಿಲ್ ವೇಟೆನಾ ಎಂಬ ಉದ್ಯಮಿಯ ಪಾಲಾಗಿ, ಕಾರ್ಖಾನೆ ಬಫಲೊ ನಗರದ ಸಮೀಪಕ್ಕೆ ಸ್ಥಳಾಂತರಗೊಂಡಿತು. 1973ರಲ್ಲಿ ನಾರ್ಲಿನ್ ಎಂಬ ದೊಡ್ಡ ಸಂಸ್ಥೆ ಅದನ್ನು ಖರೀದಿಸಿತು. ಕಂಪನಿಯ ಜೊತೆಗೆ ‘ಮೋಗ್’ ಎಂಬ ವ್ಯಾಪಾರ ಚಿಹ್ನೆಯೂ ಹೋಯಿತು. ತಮ್ಮದೇ ಹೆಸರಿನ ಕಾರ್ಖಾನೆಯಲ್ಲಿ ಮೋಗ್ ನೌಕರರಾದರು. ಹೊಸ ಸಿಂಥಸೈಜರ್‌ಗಳ ವಿನ್ಯಾಸ ಬೇರೆಯವರ ಕೈ ಸೇರಿತು, ಅವರ ಪಾಲಿಗೆ ಗಿಟಾರ್ ಆಂಪ್ಲಿಫೈಯರ್‌ನಂಥ ಕೆಲಸಗಳು ಬಂದವು. ಒಪ್ಪಂದದ ಅವಧಿ ಮುಗಿದ ಕೂಡಲೇ, 1977ರಲ್ಲಿ, ಅವರು ಹೊರಬಂದರು.

ಸಿಂಥ್-ಪಾಪ್ ಯುಗ

ವಿಪರ್ಯಾಸವೆಂದರೆ, ಮೋಗ್ ಹೊರಬಿದ್ದ ಹೊತ್ತಿಗೇ ಅವರ ನಾದ ಜಗತ್ತನ್ನು ಆಳಲು ಹೊರಟಿತ್ತು. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡ 1974ರ ‘ಆಟೋಬಾನ್’ ಆಲ್ಬಂನಲ್ಲಿ ಮಿನಿಮೋಗ್ ಬಳಸಿತ್ತು. 1977ರಲ್ಲಿ ಜಾರ್ಜಿಯೊ ಮೊರೊಡರ್ ಮತ್ತು ಸಂಗಡಿಗರು ಡೊನಾ ಸಮ್ಮರ್ ಅವರ ‘ಐ ಫೀಲ್ ಲವ್’ ಹಾಡಿನ ಹಿನ್ನೆಲೆಯನ್ನು ಬಹುತೇಕ ಮೋಗ್ ಯಂತ್ರದಿಂದಲೇ ಕಟ್ಟಿದರು. ಅದರ ಎಡೆಬಿಡದ ಮಂದ್ರ ಲಯವೇ ಮುಂದಿನ ನೃತ್ಯಸಂಗೀತಕ್ಕೆಲ್ಲ ಬುನಾದಿ. ಲಂಡನ್ನಿನ ಯುವಕ ಗ್ಯಾರಿ ನ್ಯೂಮನ್ ಸ್ಟುಡಿಯೋದಲ್ಲಿ ಯಾರೋ ಬಿಟ್ಟುಹೋಗಿದ್ದ ಮಿನಿಮೋಗ್ ಮುಟ್ಟಿ ನೋಡಿದ ಕ್ಷಣದಿಂದ ಗಿಟಾರನ್ನು ಹಿಂದೆ ಸರಿಸಿ, 1979ರಲ್ಲಿ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯ ಅಗ್ರಸ್ಥಾನಕ್ಕೇರಿದರು.

1980ರಲ್ಲಿ ಇಂಗ್ಲೆಂಡಿನ ಬ್ಯಾಸಿಲ್ಡನ್ ಪಟ್ಟಣದ ಹುಡುಗರು ಡಿಪೆಷ್ ಮೋಡ್ ತಂಡ ಕಟ್ಟಿದಾಗ ಅವರ ಬಳಿ ಇದ್ದುದು ಅಗ್ಗದ, ಸಣ್ಣ ಸಿಂಥಸೈಜರ್‌ಗಳು. ಜಪಾನಿನ ಯಮಾಹಾ, ಕವಾಯ್ ವಾದ್ಯಗಳ ಜೊತೆಗೆ ‘ಮೋಗ್ ಪ್ರಾಡಿಜಿ’ಯೂ ಅಲ್ಲಿತ್ತು. ಸಾಲುಮನೆಗಳ ಊರಿನ ಹುಡುಗರಿಗೆ ವಾದ್ಯವೃಂದವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ರೈಲು ಹತ್ತುವುದು ಸಾಧ್ಯವಾಗಿತ್ತು. ಹಿಂದೊಮ್ಮೆ ವಿಶ್ವವಿದ್ಯಾಲಯದ ಬಾಗಿಲು ದಾಟದಿದ್ದ ಸಂಗೀತ ಹದಿನೈದು ವರ್ಷಗಳಲ್ಲಿ ಇಷ್ಟು ದೂರ ಬಂದಿತ್ತು. ಕ್ಲಾರ್ಕ್ 1981ರಲ್ಲಿ ತಂಡ ತೊರೆದು ಯಾಜೂ, ಇರೇಷರ್ ತಂಡಗಳಿಂದ ಹೆಸರಾದರು. ಗೋರ್ ಡಿಪೆಷ್ ಮೋಡ್‌ನ ಮುಖ್ಯ ಗೀತರಚನಕಾರರಾದರು. ಮುಂದೊಮ್ಮೆ ಕ್ಲಾರ್ಕ್ ಅವರೇ ಗೋರ್ ಅವರಿಗೆ ಇ-ಮೇಲ್ ಕಳಿಸಿ ಟೆಕ್ನೋ ಆಲ್ಬಂನ ಪ್ರಸ್ತಾಪ ಮುಂದಿಟ್ಟರು. ಅಮೆರಿಕದ ಬೇರೆ ಬೇರೆ ಊರುಗಳಲ್ಲಿದ್ದ ಇಬ್ಬರೂ ಧ್ವನಿಯ ಕಡತಗಳನ್ನು ಇ-ಮೇಲ್ ಮೂಲಕವೇ ವಿನಿಮಯ ಮಾಡಿಕೊಂಡು ಕೆಲಸ ಮುಗಿಸಿದರು. ಇಬ್ಬರೂ ಬಿಡಿ ಘಟಕಗಳ ಸಿಂಥಸೈಜರ್‌ಗಳನ್ನು ಸಂಗ್ರಹಿಸುವ ಗೀಳಿಗೆ ಹೆಸರಾದವರು. ಅಂಥ ಘಟಕಗಳಲ್ಲಿ ಇಂದಿಗೂ ಹೆಚ್ಚಿನವು ಪಾಲಿಸುವುದು ಮೋಗ್ 1964ರಲ್ಲಿ ಹಾಕಿಕೊಟ್ಟ ಅಳತೆಯನ್ನೇ. ಒಂದು ವೋಲ್ಟಿಗೆ ಒಂದು ಸ್ಥಾಯಿ.

ಹೆಸರಿಲ್ಲದ ಕಾಲು ಶತಮಾನ

ನಾರ್ಲಿನ್ ತೊರೆದ ಮೋಗ್ ಸಂಸಾರದೊಡನೆ ಉತ್ತರ ಕೆರೊಲಿನಾ ರಾಜ್ಯದ ಆಶ್‌ವಿಲ್ ಸಮೀಪದ ಬೆಟ್ಟದ ಸೀಮೆಗೆ ಹೋಗಿ ನೆಲೆಸಿದರು. ಅಲ್ಲಿ ‘ಬಿಗ್ ಬ್ರಯರ್’ ಎಂಬ ಪುಟ್ಟ ಕಂಪನಿ ಕಟ್ಟಿದರು. ತಮ್ಮ ಹೆಸರು ಬಳಸುವಂತಿರಲಿಲ್ಲವಾದ್ದರಿಂದ ಈ ಹೆಸರು. ಮತ್ತೆ ಕೈಗೆತ್ತಿಕೊಂಡದ್ದು ಬಾಲ್ಯದ ಗೆಳೆಯ ಥೆರೆಮಿನ್ ವಾದ್ಯವನ್ನೇ. 1977ರಲ್ಲಿ ಥೆರೆಮಿನ್ ವಾದಕಿ ಕ್ಲಾರಾ ರಾಕ್‌ಮೋರ್ ಅವರ ಆಲ್ಬಂ ಹೊರಬರಲು ಮೋಗ್ ದಂಪತಿಯೇ ಕಾರಣರಾಗಿದ್ದರು. 1984ರಿಂದ ಕೆಲ ವರ್ಷ ಕರ್ಜ್‌ವೈಲ್ ಕಂಪನಿಯಲ್ಲಿ ಸಂಶೋಧನಾ ಉಪಾಧ್ಯಕ್ಷರಾಗಿ ದುಡಿದರು. ಆಶ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ‘ಕೀಬೋರ್ಡ್’ ಪತ್ರಿಕೆಗೆ ಅಂಕಣ ಬರೆದರು.

ಅತ್ತ ಡಿಜಿಟಲ್ ವಾದ್ಯಗಳ ಯುಗ ಆರಂಭವಾಗಿತ್ತು. 1983ರಲ್ಲಿ ಬಂದ ಯಮಾಹಾ ಕಂಪನಿಯ ಡಿಎಕ್ಸ್-7 ಹಳೆಯ ಯಂತ್ರಗಳನ್ನು ಮೂಲೆಗೆ ತಳ್ಳಿತು. ಬಫಲೊದ ಮೋಗ್ ಕಂಪನಿ 1980ರ ದಶಕದ ಉತ್ತರಾರ್ಧದಲ್ಲಿ ದಿವಾಳಿಯಾಯಿತು. ಗಿರವಿ ಅಂಗಡಿಗಳಲ್ಲಿ ಕಾಸಿಗೆ ಕೇಳುವವರಿಲ್ಲದೆ ಬಿದ್ದಿದ್ದ ಹಳೆಯ ಯಂತ್ರಗಳನ್ನು ಕೊಳ್ಳಲು ಬಂದವರು ಹಣವಿಲ್ಲದ ಯುವಕರು. ಅಮೆರಿಕದ ಡೆಟ್ರಾಯಿಟ್, ಶಿಕಾಗೊ ನಗರಗಳಲ್ಲಿ ಟೆಕ್ನೋ, ಹೌಸ್ ಸಂಗೀತ ಬೆಳೆದದ್ದು ಹೀಗೆ ಅಗ್ಗವಾಗಿ ಸಿಕ್ಕ ಯಂತ್ರಗಳ ನೆರವಿನಿಂದ. ಕ್ರಮೇಣ ಹಳೆಯ ಅನಲಾಗ್ ನಾದಕ್ಕೆ ಮತ್ತೆ ಬೆಲೆ ಬಂತು. ಬೆಲೆ ಬಂದ ಹೆಸರಿಗೆ ಹಕ್ಕುದಾರರೂ ಹಲವರು ಹುಟ್ಟಿಕೊಂಡರು.

ಕಾನೂನಿನ ಹೋರಾಟಗಳ ನಂತರ 2002ರಲ್ಲಿ ಅಮೆರಿಕದಲ್ಲಿ ‘ಮೋಗ್ ಮ್ಯೂಸಿಕ್’ ಹೆಸರಿನ ಹಕ್ಕು ಮೋಗ್ ಅವರಿಗೆ ಮರಳಿ ದೊರೆಯಿತು. ಬಿಗ್ ಬ್ರಯರ್ ಕಂಪನಿ ಮೋಗ್ ಮ್ಯೂಸಿಕ್ ಆಯಿತು. ಅದೇ ವರ್ಷ ‘ಮಿನಿಮೋಗ್ ವಾಯೇಜರ್’ ಬಿಡುಗಡೆಯಾಯಿತು. ಆಗ ಅವರಿಗೆ 68 ವರ್ಷ. 2001ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ, 2002ರಲ್ಲಿ ತಾಂತ್ರಿಕ ಸಾಧನೆಗಾಗಿ ಗ್ರ್ಯಾಮಿ ಗೌರವ ಸಂದಿದ್ದವು. 2004ರಲ್ಲಿ ಹಾನ್ಸ್ ಫ್ಯೆಲ್‌ಸ್ಟಾಡ್ ಅವರ ಬದುಕಿನ ಕುರಿತು ಸಾಕ್ಷ್ಯಚಿತ್ರ ತೆಗೆದರು. ತಾವು ಸಂಗೀತಗಾರನಲ್ಲ, ಸಂಗೀತಗಾರರಿಗೆ ಹತ್ಯಾರು ಮಾಡಿಕೊಡುವವ ಎಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

2005ರ ಏಪ್ರಿಲ್ ಕೊನೆಯಲ್ಲಿ ಮೆದುಳಿನ ಗಡ್ಡೆ ಪತ್ತೆಯಾಯಿತು. ಆಗಸ್ಟ್ 21ರಂದು ಆಶ್‌ವಿಲ್‌ನ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು 71. ಮರಳಿ ಪಡೆದ ಹೆಸರಿನ ಅಡಿಯಲ್ಲಿ ದುಡಿಯಲು ಅವರಿಗೆ ಸಿಕ್ಕಿದ್ದು ಮೂರು ವರ್ಷ ಮಾತ್ರ.

ಮರಣಾನಂತರ

2006ರಲ್ಲಿ ಅವರ ಸ್ಮರಣಾರ್ಥ ಪ್ರತಿಷ್ಠಾನವೊಂದು ಸ್ಥಾಪನೆಗೊಂಡಿತು. 2012ರ ಮೇ 23ರಂದು, ಅವರ 78ನೇ ಜನ್ಮದಿನದ ನೆನಪಿಗೆ, ಗೂಗಲ್ ತನ್ನ ಮುಖಪುಟದಲ್ಲಿ ನುಡಿಸಬಹುದಾದ ಪುಟ್ಟ ಸಿಂಥಸೈಜರ್ ಇರಿಸಿತು. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. ಅವರ ಕಾಗದಪತ್ರಗಳು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿವೆ.

ಕಂಪನಿಯ ಕಥೆ ಮಾತ್ರ ಹಳೆಯ ಜಾಡಿಗೇ ಮರಳಿತು. 2015ರಲ್ಲಿ ನೌಕರರಿಗೆ ಮಾಲೀಕತ್ವದ ಪಾಲು ನೀಡಿ ಮಾದರಿಯೆನಿಸಿದ್ದ ಮೋಗ್ ಮ್ಯೂಸಿಕ್ 2023ರಲ್ಲಿ ಇನ್‌ಮ್ಯೂಸಿಕ್ ಎಂಬ ದೊಡ್ಡ ಸಂಸ್ಥೆಗೆ ಮಾರಾಟವಾಯಿತು. ಅದೇ ವರ್ಷ ಆಶ್‌ವಿಲ್ ಕಾರ್ಖಾನೆಯ ಅನೇಕರು ಕೆಲಸ ಕಳೆದುಕೊಂಡರು. 1971ರಂತೆಯೇ ‘ಮೋಗ್’ ಎಂಬ ಹೆಸರು ಮತ್ತೊಮ್ಮೆ ಕೈ ಬದಲಿಸಿತು. ಇದನ್ನು ನೋಡಲು ಅವರು ಇರಲಿಲ್ಲ.

ಹೆಸರನ್ನು ಕೊಳ್ಳಬಹುದು, ಮಾರಬಹುದು. ಹಳ್ಳಿಯಂಥ ಊರಿನ ಮಳಿಗೆಯೊಂದರಲ್ಲಿ ಸಂಗೀತ ಶಿಕ್ಷಕನೊಬ್ಬ ಕೇಳಿದ್ದನ್ನು ತಾಳ್ಮೆಯಿಂದ ಆಲಿಸಿ, ಕರೆಗಂಟೆಯ ಗುಂಡಿಯನ್ನು ತಂತಿಗೆ ಬೆಸೆದ ಆ ಎಂಜಿನಿಯರ್ ಬಿಟ್ಟುಹೋದದ್ದು ಹೆಸರಿಗಿಂತ ದೊಡ್ಡದು. ಚಲನಚಿತ್ರದ ಹಿನ್ನೆಲೆ ಸಂಗೀತದಲ್ಲಿ, ನೃತ್ಯದ ಅಬ್ಬರದಲ್ಲಿ, ಮದುವೆ ಮನೆಯ ಕೀಬೋರ್ಡಿನಲ್ಲಿ ಅದನ್ನು ಪ್ರತಿದಿನ ಕೇಳುತ್ತಿರುವವರಲ್ಲಿ ಬಹುಪಾಲು ಜನ ರಾಬರ್ಟ್ ಮೋಗ್ ಎಂಬ ಹೆಸರನ್ನೇ ಕೇಳಿರಲಿಕ್ಕಿಲ್ಲ.